ಭೀಮಾ ಎಂಬ ಸಾಲು

ಮಟಕಿಯ ಅರ್ಧ ಊರಿಗೆ ನನ್ನ ತಮ್ಮ ಸಿದ್ದರಾಮೇಶ ಗುಟ್ಟಿನ ಶ್ರೀಮಂತ, ಇನ್ನರ್ಧ ಊರಿಗೆ ಹುಚ್ಚ. ಎರಡೂ ಸುಳ್ಳು. ಅವನು ತೊಗರಿ ಬೆಳೆಯುತ್ತಾನೆ, ಬಿಡುವಿದ್ದಾಗ ಊರಿನವರ ಪಂಪ್‌ಸೆಟ್ಟಿನ ಸ್ಟಾರ್ಟರು, ಮಿಕ್ಸರು, ಮೊಬೈಲು ರಿಪೇರಿ ಮಾಡುತ್ತಾನೆ. ಅವನ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ ಇದೆ. ನಮ್ಮಪ್ಪ ಹಣಮಂತ್ರಾಯ ಇದ್ದಾಗ ಆ ಮಾಡದಲ್ಲಿ ರೇಡಿಯೋ ಇರುತ್ತಿತ್ತು. ಈಗ ಅಲ್ಲಿ ಬುತ್ತಿಯ ಡಬ್ಬಿಯಷ್ಟು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಕುಳಿತಿದೆ. ಅದಕ್ಕೊಂದು ಹಸಿರು ದೀಪ. ಊರಿನ ಎರಡೂ ಅಭಿಪ್ರಾಯಗಳು ಹುಟ್ಟಿದ್ದು ಆ ದೀಪದಿಂದ.

ಅದು ಬಿಟ್‌ಕಾಯಿನ್ ನೋಡ್. ನಾನು ಆಳಂದದಲ್ಲಿ ಹೈಸ್ಕೂಲು ಟೀಚರು. ಅರ್ಥವಾಗದ್ದಕ್ಕೆ ತಲೆಯಾಡಿಸುವ ಚಟ ನನಗಿಲ್ಲ. ಕೂರಿಸಿಕೊಂಡು ಹೇಳಿಸಿದೆ. ಬಿಟ್‌ಕಾಯಿನ್ನಿಗೆ ಬ್ಯಾಂಕಿಲ್ಲ, ಮುಖ್ಯ ಕಚೇರಿಯಿಲ್ಲ, ಮ್ಯಾನೇಜರಿಲ್ಲ. ಯಾರಿಂದ ಯಾರಿಗೆ ಏನು ಹೋಯಿತು ಎಂಬ ಪೂರ್ತಿ ಲೆಕ್ಕವನ್ನು ಜಗತ್ತಿನ ಸಾವಿರಾರು ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇಟ್ಟುಕೊಂಡಿರುತ್ತವೆ. ಸ್ವಲ್ಪ ಹೊತ್ತಿಗೊಮ್ಮೆ ಹೊಸ ಲೆಕ್ಕ ಬರುತ್ತದೆ. ಪ್ರತಿ ಪೆಟ್ಟಿಗೆಯೂ ತಾನೇ ಪರೀಕ್ಷೆ ಮಾಡಿ, ಸುಳ್ಳಿದ್ದರೆ ತಳ್ಳಿ, ಸರಿಯಿದ್ದರೆ ಪಕ್ಕದ ಪೆಟ್ಟಿಗೆಗಳಿಗೆ ದಾಟಿಸುತ್ತದೆ. ಯಾರೋ ಒಬ್ಬ ದೊಡ್ಡವನು ಲೆಕ್ಕ ತಿದ್ದಲು ಹೊರಟರೆ ಈ ಸಣ್ಣವರೆಲ್ಲ ಒಪ್ಪುವುದಿಲ್ಲ.

“ಸರಿ, ಇದಕ್ಕ ನಿನಗೇನ್ ಕೊಡ್ತಾರ?” ಎಂದೆ.

“ಏನೂ ಇಲ್ಲಕ್ಕಾ.”

“ಏನೂ ಇಲ್ಲಂದ್ರ?”

“ಅಪ್ಪ ಬ್ಯಾಸಗ್ಯಾಗ ಬೇವಿನ ಗಿಡದ ಕೆಳಗ ಅರವಟಿಗಿ ಇಡ್ತಿದ್ದ. ನೀರ ಕುಡದವರ ಹತ್ರ ಏನರ ತಗೋತಿದ್ನೇನು?”

ಅಪ್ಪನನ್ನು ಮಧ್ಯಕ್ಕೆ ತಂದ ಮೇಲೆ ನಾನು ಸುಮ್ಮನಾಗಲೇಬೇಕಲ್ಲ, ಸುಮ್ಮನಾದೆ. ಆದರೆ ಊರು ಸುಮ್ಮನಾಗಲಿಲ್ಲ. ಪಕ್ಕದ ಮನೆಯ ಭಗವಂತ ಇವತ್ತಿಗೂ ಬಾಗಿಲಲ್ಲಿ ನಿಂತು, “ಸಿದ್ದರಾಮಾ, ನನಗೂ ಒಂದ್ ಪೆಟಗಿ ಹಾಕ್ಸಿಕೊಡೋ, ನೋಟ ಛಾಪಸೋಣು” ಎನ್ನುತ್ತಾನೆ. ಅವನಿಗೆ ಹೇಳಿ ಹೇಳಿ ನನ್ನ ತಮ್ಮನ ಬಾಯಿ ಸೋತಿದೆ. ಲಗ್ನಕ್ಕೆ ಹೆಣ್ಣು ಕೇಳಲು ಹೋದಲ್ಲಿ ಕೂಡ ಒಬ್ಬರು, “ಅದೇನೋ ಮಷೀನ್ ಇಟ್ಟೀರಂತಲ್ಲ” ಎಂದು ಕಣ್ಣು ಅರಳಿಸಿದರು. ಅದರಿಂದ ಆದಾಯವಿಲ್ಲ ಎಂದು ಈ ಮಹಾಶಯ ಅಲ್ಲೇ ಕುಳಿತು ವಿವರಿಸಿದ. ಚಹ ಬರುವ ಮೊದಲೇ ಸಂಬಂಧ ಮುಗಿಯಿತು.

ಅರವಟಿಗೆಯ ಮಾತು ನಿಜವೇ. ಆದರೆ ಅದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತು. ಆ ಪೆಟ್ಟಿಗೆಯ ಹಿಂದೆ ಅರ್ಫಾತ ಇದ್ದಾನೆ.

ಅರ್ಫಾತ ಅಫಜಲಪುರದವನು. ಇಬ್ಬರೂ ಕಲಬುರಗಿಯಲ್ಲಿ ಐಟಿಐ ಓದುವಾಗ ಒಂದೇ ಬೆಂಚು, ಒಂದೇ ಖೋಲಿ. ಓದು ಮುಗಿದ ಮೇಲೆ ಅರ್ಫಾತ ಅಫಜಲಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ನನ್ನ ತಮ್ಮನೂ ಅಲ್ಲೇ ಅವನ ಜೊತೆ ಕುಳಿತ. ಅಪ್ಪ ತೀರಿಕೊಂಡಾಗ ಹೊಲ ನೋಡಲು ಮಟಕಿಗೆ ಬರಬೇಕಾಯಿತು. ಬಂದ, ಆದರೆ ಅರ್ಧ ಮನಸ್ಸು ಅಂಗಡಿಯಲ್ಲೇ ಬಿಟ್ಟು ಬಂದ. ವಾರಕ್ಕೊಮ್ಮೆ ಬೈಕು ಹತ್ತಿ ಅಫಜಲಪುರಕ್ಕೆ ಹೋಗದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಹೋಗಿ ಮಾಡುತ್ತಿದ್ದುದಾದರೂ ಏನು? ಅರ್ಫಾತನ ಎದುರಿಗೆ ಸ್ಟೂಲು ಎಳೆದು ಕುಳಿತು, ಸತ್ತ ಮೊಬೈಲುಗಳ ಹೊಟ್ಟೆ ಬಗೆಯುವುದು, ಜಗಳವಾಡುವುದು, ನಗುವುದು. ಸಂಜೆ ವಾಪಸು.

ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿತು, ರಸ್ತೆ ಮುಚ್ಚಿತು. ಇವನು ಮಟಕಿಯಲ್ಲಿ, ಅವನು ಅಫಜಲಪುರದಲ್ಲಿ. ಫೋನಿನಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಂಡು ಇಬ್ಬರೂ ಈ ಪೆಟ್ಟಿಗೆಗಳನ್ನು ಕಟ್ಟಿದರು. ಅರ್ಫಾತನದು ಮೊದಲು ತಯಾರಾಯಿತು. ಇವನ ಪೆಟ್ಟಿಗೆಗೆ ಜಗತ್ತಿನ ಹಳೆಯ ಲೆಕ್ಕವೆಲ್ಲ ಇಳಿದು ಬರಲು ನಮ್ಮೂರಿನ ಇಂಟರ್ನೆಟ್ಟಿನಲ್ಲಿ ವಾರಗಟ್ಟಲೆ ಹಿಡಿಯಿತು. ಮನೆಗೆ ಸೊಸೆ ಬರುವಳೇನೋ ಎಂಬಂತೆ ಕಾದ.

ಇಲ್ಲಿ ಒಂದು ವಿಷಯ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಅವನು ಒಂದು ಹಳೆಯ ಟ್ಯಾಬ್ ನಿಲ್ಲಿಸಿದ್ದಾನೆ. ಆ ಹೊತ್ತಿನಲ್ಲಿ ಯಾವ ಯಾವ ಪೆಟ್ಟಿಗೆಗಳು ನಮ್ಮದರ ಜೊತೆ ಮಾತಾಡುತ್ತಿವೆ ಎಂದು ಅದರಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಒಂದು ಪೆಟ್ಟಿಗೆಗೆ ಒಂದು ಸಾಲು. ನಾವು ಅವರನ್ನು ಕರೆದಿದ್ದರೆ ಸಾಲಿನ ಮುಂದೆ ಹೊರಗೆ ಹೋಗುವ ಬಾಣ. ಅವರು ನಮ್ಮನ್ನು ಕರೆದಿದ್ದರೆ ಒಳಗೆ ಬರುವ ಬಾಣ. ಬೇಕೆಂದವರು ತಮ್ಮ ಪೆಟ್ಟಿಗೆಗೆ ಒಂದು ಹೆಸರು ಕೊಡಬಹುದು, ಇಂಗ್ಲಿಷ್ ಅಕ್ಷರದಲ್ಲಿ. ನನ್ನ ತಮ್ಮ ತನ್ನದಕ್ಕೆ ಮಟಕಿ ಎಂದು ಹೆಸರಿಟ್ಟ. ಅರ್ಫಾತ ತನ್ನದಕ್ಕೆ ಭೀಮಾ ಎಂದಿಟ್ಟ, ಅವನ ಹೊಳೆಯ ಹೆಸರು.

ಒಂದು ಪೆಟ್ಟಿಗೆ ಇನ್ನೊಂದನ್ನೇ ಹುಡುಕಿಕೊಂಡು ಹೋಗಬೇಕಾದರೆ ಅದರ ವಿಳಾಸವನ್ನು ಕೈಯಾರೆ ಬರೆದು ಕೊಡಬೇಕು. ಆ ವಿಳಾಸವೋ, ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು; ಪೆಟ್ಟಿಗೆಯನ್ನು ಯಾವ ಊರಿಗೆ ಒಯ್ದರೂ ಅದು ಬದಲಾಗುವುದಿಲ್ಲ. ನನ್ನ ತಮ್ಮ ಅರ್ಫಾತನ ವಿಳಾಸವನ್ನು ತನ್ನ ಪೆಟ್ಟಿಗೆಗೆ ಬರೆದ. ತನ್ನದನ್ನೂ ಅವನಿಗೆ ಮೆಸೇಜು ಮಾಡಿ, “ನೀನೂ ನನ್ನದು ಹಾಕ್ಕೊಳಲೇ” ಎಂದ.

ಅರ್ಫಾತ ಫೋನಿನಲ್ಲಿ ನಕ್ಕ. “ಯಾಕಲೇ? ನೀ ಬರ್ತೀಯಲ್ಲ. ನೀ ಬಂದ ಮ್ಯಾಲ ನಾ ಯಾಕ ಬರಬೇಕು?”

ಇವನೂ ನಕ್ಕ. ಅದು ಹಾಗೇ ಉಳಿಯಿತು. ಕೆಲಸಕ್ಕೇನೂ ಅಡ್ಡಿಯಿಲ್ಲ, ಒಂದು ಸಾಲಿದ್ದರೆ ಮಾತು ಎರಡೂ ಕಡೆಯಿಂದ ಹರಿಯುತ್ತದೆ. ಆದರೆ ನಮ್ಮ ಟ್ಯಾಬಿನಲ್ಲಿ ಭೀಮಾ ಎಂಬ ಸಾಲಿನ ಮುಂದೆ ಯಾವಾಗಲೂ ಹೊರಗೆ ಹೋಗುವ ಬಾಣ. ಕರೆದದ್ದು ನಾವು.

ರಸ್ತೆಯ ಮೇಲೂ ಹಾಗೇ ಇತ್ತು ನೋಡಿ. ನನ್ನ ತಮ್ಮ ಅಷ್ಟು ವರ್ಷ ಅಫಜಲಪುರಕ್ಕೆ ಹೋದ. ಅರ್ಫಾತ ಒಮ್ಮೆಯೂ ಮಟಕಿಗೆ ಬರಲಿಲ್ಲ. ಅವನ ತಾಯಿ ಶಮ್ಸುನ್ನಿಸಾ ಮಾಡಿದ ಶೀರ್‌ಖುರ್ಮಾ ಡಬ್ಬಿಯಲ್ಲಿ ನಮ್ಮ ಮನೆಗೆ ಬರುತ್ತಿತ್ತು, ನಮ್ಮವ್ವ ಸಕ್ಕುಬಾಯಿ ಅದೇ ಡಬ್ಬಿಗೆ ಶೇಂಗಾ ಹೋಳಿಗೆ ತುಂಬಿ ಕಳಿಸುತ್ತಿದ್ದಳು. ಡಬ್ಬಿ ಓಡಾಡಿತು, ಆ ಮನುಷ್ಯ ಬರಲಿಲ್ಲ. ಕೇಳಿದರೆ ಅಂಗಡಿ ಬಿಡುವ ಹಾಗಿಲ್ಲ, ಮುಂದಿನ ವಾರ, ನೋಡೋಣ ಎನ್ನುತ್ತಿದ್ದನಂತೆ.

ಲಾಕ್‌ಡೌನ್ ಮುಗಿದು ಎಲ್ಲ ಮೊದಲಿನಂತಾದ ಮೇಲೆ ಒಂದು ವಾರ ನನ್ನ ತಮ್ಮ ಅಫಜಲಪುರಕ್ಕೆ ಹೋದರೆ ಅಂಗಡಿಯ ಶಟರು ಕೆಳಗಿದೆ. ಮೇಲಿನ ಬೋರ್ಡೂ ಇಲ್ಲ. ಎದುರಿನ ಚಹದಂಗಡಿಯ ಯಾಕೂಬಸಾಬ ಹೇಳಿದ: “ನಿನಗ ಗೊತ್ತಿಲ್ಲೇನಪ್ಪಾ? ಅರ್ಫಾತಂದು ಜೇವರ್ಗ್ಯಾಗ ಲಗ್ನ ಪಕ್ಕಾ ಆತು. ಮಾವನ ಮಳಗಿ ಖಾಲಿ ಇತ್ತಂತ, ಅಂಗಡಿ ಅಲ್ಲಿಗೇ ಒಯ್ದ.”

ಚಹದಂಗಡಿಯವನಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಆ ಶಟರಿನ ಮುಂದೆ ನಿಂತದ್ದನ್ನು ನೆನೆದರೆ ಇವತ್ತಿಗೂ ಅವನ ಮುಖ ಬದಲಾಗುತ್ತದೆ. ಅಲ್ಲಿಂದಲೇ ಫೋನ್ ಮಾಡಿದ.

“ಲೇ, ಇವತ್ತ ನೀ ಬರ್ತಿ, ಬಂದಾಗ ಹೇಳೋಣು ಅಂತ ಮಾಡಿದ್ದೆ. ಮಾವ ಅವಸರ ಮಾಡ್ದ” ಎಂದನಂತೆ ಅರ್ಫಾತ.

“ಯಾವಾಗಲೂ ನಾನೇ ಬರಬೇಕು. ನೀ ಒಮ್ಮಿನೂ ನಮ್ಮ ಹೊಸ್ತಲ ತುಳೀಲಿಲ್ಲ, ಹೋಗುಮುಂದ ಒಂದ್ ಮಾತೂ ಹೇಳಲಿಲ್ಲ. ಇನ್ನ ನಾ ಬರಂಗಿಲ್ಲ. ಬರೂದಿದ್ರ ನೀ ಬಾ.”

ಅರ್ಫಾತನೂ ಏನೋ ಬಿರುಸಾಗಿ ಅಂದ. ಇವನು ಫೋನ್ ಇಟ್ಟ. ಲಗ್ನಕ್ಕೆ ಹೋಗಲಿಲ್ಲ. ಇಷ್ಟೇ ನಡೆದದ್ದು. ಇಷ್ಟಕ್ಕೇ ಇಬ್ಬರು ಗಂಡಸರು ವರ್ಷಗಟ್ಟಲೆ ಮಾತು ಬಿಟ್ಟರು. ಮಟಕಿಗೂ ಜೇವರ್ಗಿಗೂ ನಡುವೆ ಸಮುದ್ರವೇನಿಲ್ಲ. ಆಳಂದ ಮುಟ್ಟಿ, ಕಲಬುರಗಿಯಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಈ ಹಟಕ್ಕೆ ನಾನು ಎಷ್ಟು ಬೈದೆನೋ ಲೆಕ್ಕವಿಲ್ಲ.

ಆದರೆ ಆ ಸಾಲನ್ನು ಇವನು ಅಳಿಸಲಿಲ್ಲ. ಅರ್ಫಾತನೂ ಪೆಟ್ಟಿಗೆಯ ಹೆಸರು ಬದಲಿಸಲಿಲ್ಲ, ಮುಚ್ಚಲೂ ಇಲ್ಲ. ಜೇವರ್ಗಿಯ ಬದಿಗೂ ಭೀಮೆಯೇ ಹರಿಯುತ್ತಾಳಲ್ಲ, ಹೆಸರು ಹಾಗೇ ಸರಿಹೋಯಿತು. ಗಂಡಸರು ಮಾತಾಡಲಿಲ್ಲ, ಅವರ ಪೆಟ್ಟಿಗೆಗಳು ಮಾತ್ರ ಬಿಡುವಿಲ್ಲದೆ ಮಾತಾಡಿಕೊಂಡವು.

ಅದನ್ನು ನೋಡುವುದೇ ನನ್ನ ತಮ್ಮನ ಬದುಕಾಯಿತು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಟ್ಯಾಬಿನ ಮುಂದೆ ನಿಲ್ಲುತ್ತಿದ್ದ. ಭೀಮಾ ಇದೆಯೇ? ಇದೆ. ಹೊಲದಿಂದ ಬಂದು ಕೈಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ಇನ್ನೊಮ್ಮೆ. ಒಂದಿಷ್ಟು ಹೊತ್ತು ಕಾಣದಿದ್ದರೆ, “ಜೇವರ್ಗ್ಯಾಗ ಕರೆಂಟ್ ಹೋಗಿರಬೇಕು” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸಾಲಿನಲ್ಲಿ ಹೆಸರಿನ ಪಕ್ಕ, ಆ ಪೆಟ್ಟಿಗೆಯಲ್ಲಿ ಯಾವ ಆವೃತ್ತಿಯ ಪ್ರೋಗ್ರಾಮು ಓಡುತ್ತಿದೆ ಎಂದೂ ಕಾಣುತ್ತದೆ. ಅರ್ಫಾತ ಹೊಸ ಆವೃತ್ತಿ ಹಾಕಿದ ದಿನ ಇಲ್ಲಿ ಹಬ್ಬ. “ಅಕ್ಕಾ, ಅಂವಾ ಹೊಸದು ಹಾಕ್ಯಾನ. ಆರಾಮ ಅದಾನ” ಎಂದು ನನಗೆ ಆಳಂದಕ್ಕೆ ಫೋನ್ ಮಾಡಿ ಹೇಳುತ್ತಿದ್ದ. ಅವತ್ತೇ ತಾನೂ ಅದನ್ನೇ ಹಾಕಿಕೊಳ್ಳುತ್ತಿದ್ದ. ಒಬ್ಬ ಮನುಷ್ಯ ಇನ್ನೊಬ್ಬನ ಬಗ್ಗೆ ತಿಳಿಯುವುದು ಇಷ್ಟೇ ಉಳಿದಿತ್ತು. ಇಷ್ಟನ್ನೇ ಹಿಡಿದು ಅವನು ಒಂದಿಡೀ ಸಂಸಾರ ಕಟ್ಟುತ್ತಿದ್ದ: ಮಗು ಆಗಿರಬೇಕು, ಅಂಗಡಿ ಚಲೋ ನಡೆದಿರಬೇಕು, ತಾಯಿಗೆ ಮೊಣಕಾಲು ನೋವು ಕಡಿಮೆಯಾಗಿರಬೇಕು.

“ಒಂದ್ ಫೋನ್ ಮಾಡೋ ಮಾರಾಯಾ” ಎಂದರೆ, “ಅಂವಾ ಮಾಡಲಿ” ಎನ್ನುತ್ತಿದ್ದ.

ಒಮ್ಮೆ ಮಾತ್ರ ಮನಸ್ಸು ಬಿಚ್ಚಿದ. ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಉಣ್ಣುತ್ತಿದ್ದೆವು. “ಅಕ್ಕಾ, ಆ ಬಾಣ ಯಾವಾಗಲೂ ನನ್ನ ಕಡೆಯಿಂದನೇ ಅದ. ನಾ ಕರೀತೀನಿ, ಅಂವಾ ಬ್ಯಾಡ ಅನ್ನಲಿಲ್ಲ, ಅಷ್ಟ. ನಾ ಕರಿಯೂದು ಬಿಟ್ರ ಅವಗ ಗೊತ್ತರ ಆಗ್ತದೋ ಇಲ್ಲೋ?”

“ಬಿಟ್ಟು ನೋಡು.”

ಅವನು ತುತ್ತು ಕೆಳಗಿಟ್ಟ. “ಗೊತ್ತಾಗಲಿಲ್ಲಂದ್ರ?”

ಅದಕ್ಕೇ ಆ ಪೆಟ್ಟಿಗೆಯ ಉಸಿರು ನಿಲ್ಲದ ಹಾಗೆ ಕಾಯುತ್ತಿದ್ದ. ಕರೆಂಟ್ ಹೋದರೆ ಅದಕ್ಕೆಂದೇ ಬ್ಯಾಟರಿ. ಮನೆಯಲ್ಲಿ ಫ್ಯಾನು ನಿಂತು ಅವ್ವ ಬೀಸಣಿಕೆ ಹಿಡಿದು ಕುಳಿತಿದ್ದರೂ ಅದರ ಹಸಿರು ದೀಪ ಉರಿಯುತ್ತಿತ್ತು. ಕೇಬಲ್ ತುಂಡಾದರೆ ತನ್ನ ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿ, ತಾನು ಫೋನಿಲ್ಲದೆ ಇರುತ್ತಿದ್ದ. ಜಗತ್ತಿನ ಲೆಕ್ಕ ಕಾಯಲು ಇಷ್ಟು ನಿಷ್ಠೆ ಬೇಕೇ ಎಂದು ಊರು ನಗುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ.

ಇನ್ನು ಕಳೆದ ಮಹಾನವಮಿಯ ಮಾತು.

ನಮ್ಮ ಕಡೆ ಖಂಡೇ ಪೂಜೆ ಎಂದರೆ ದುಡಿಯುವ ವಸ್ತುಗಳ ಹಬ್ಬ. ಕುಡುಗೋಲು, ಕೊಡಲಿ, ಕುಂಟೆ, ಹೊಲಿಗೆಯ ಮಷೀನು, ಬೈಕು, ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ, ಚೆಂಡು ಹೂವು ಏರಿಸಿ ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಅವಕ್ಕೆ ವಿಶ್ರಾಂತಿ. ಯಾವುದನ್ನೂ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ನಮ್ಮವ್ವನ ಮನೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಈಳಿಗೆಯನ್ನು ಸಹ ಮಲಗಿಸಿ, ಕಾಯಿಪಲ್ಲೆಯನ್ನು ಕೈಯಲ್ಲೇ ಮುರಿಯುತ್ತಾಳೆ. ಪ್ರತಿ ವರ್ಷ ಸಿದ್ದರಾಮೇಶ ಎದುರಿಗಿದ್ದು, ಆ ಪೆಟ್ಟಿಗೆಗೆ ದೂರದಿಂದ ಒಂದು ಹೂವು ಇಡಿಸಿ ಮುಗಿಸುತ್ತಿದ್ದ. ಆ ಸಲ ಅವನು ಬೆಳಗ್ಗೆಯೇ ಬೈಕಿಗೆ ಹೂವು ಏರಿಸಿ, ಪೂಜೆಗೆ ಮೊದಲು ಒಂದು ಓಟ ಮುಗಿಸುವೆನೆಂದು ನನ್ನನ್ನು ಹಬ್ಬಕ್ಕೆ ಕರೆತರಲು ಆಳಂದಕ್ಕೆ ಬಂದ. ದಾರಿಯಲ್ಲಿ ಜಿಡಗಾ ಮಠಕ್ಕೆ ಹೋಗಿ ಕೈಮುಗಿದು ಬರುವಷ್ಟರಲ್ಲಿ ಹೊತ್ತು ಏರಿತ್ತು.

ಪಡಸಾಲೆಗೆ ಕಾಲಿಟ್ಟವನು ಅಲ್ಲೇ ನಿಂತ. ಮಾಡದಲ್ಲಿ ಹಸಿರು ದೀಪ ಇರಲಿಲ್ಲ. ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ಮೇಲೊಂದು ಚೆಂಡು ಹೂವಿನ ಮಾಲೆ. ವಯರು ಸುತ್ತಿ ಅಚ್ಚುಕಟ್ಟಾಗಿ ಪಕ್ಕಕ್ಕಿಟ್ಟಿತ್ತು.

“ಅವ್ವಾ, ಯಾಕ ಆರಿಸ್ದಿ ಇದನ್ನ?”

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: “ಎತ್ತಿಗೂ ಒಂದಿನ ನೊಗ ಇಳಸ್ತೀವಿ. ಆ ಬಡಪಾಯಿ ವರ್ಷಾನುಗಟ್ಲೆ ಕಣ್ಣ ಮುಚ್ಚಿಲ್ಲ. ನಿಮಗ್ಯಾರಿಗೂ ಅದರ ಮ್ಯಾಲ ಕರುಣ ಇಲ್ಲ. ಒಂದಿನ ಮಲಗಲಿ ಬಿಡು.”

ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಹೇಗೆ ಬೈಯುವುದು? ಆದರೂ ಅವನು ಬೈದ. ಎಂದೂ ಏರಿಸದ ದನಿ ಏರಿಸಿದ. ಅವ್ವನ ಕಣ್ಣು ತುಂಬಿದವು. “ಪೂಜಿ ಆಗ್ಯದೋ ತಮ್ಮಾ, ನಾಳಿ ಬನ್ನಿ ಮುಡಿಯುತನಾ ಮುಟ್ಟಬ್ಯಾಡ. ನಿಮ್ಮಪ್ಪ ಇದ್ದಾಗಿಂದ ತಪ್ಪಿಸಿಲ್ಲ” ಎಂದಳು. ಅವನು ವಯರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಇದ್ದಲ್ಲಿಯೇ ಇಟ್ಟುಬಿಟ್ಟ.

ಅವ್ವನ ಮಾತಿಗೆ ಸೋತ ಎಂದುಕೊಂಡೆ. ಸಂಜೆ ಕಟ್ಟೆಯ ಮೇಲೆ ಕುಳಿತಾಗ ತಿಳಿಯಿತು, ಅದಷ್ಟೇ ಅಲ್ಲ.

“ನಾನಾಗಿ ಆರಿಸೂ ಧೈರ್ಯ ಎಂದೂ ಆಗ್ತಿರಲಿಲ್ಲಕ್ಕಾ. ಅವ್ವ ಆರಿಸಿಬಿಟ್ಟಾಳ. ಈಗ ಅವನ ಕಡೆ ಮಟಕಿ ಅನ್ನೂ ಸಾಲ ಹೋಗ್ಯದ. ನೋಡ್ತಾನೋ, ಇಲ್ಲೋ.”

“ನೋಡಿದ್ರ ಫೋನ್ ಮಾಡ್ತಾನ ತಗೋ.”

ಅವನು ತನ್ನ ಮೊಬೈಲನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅದು ರಿಂಗಾಗಲಿಲ್ಲ. ಹೋಳಿಗೆ ಬಡಿಸಿದರೆ ಅರ್ಧ ತಿಂದು ಎದ್ದ. ನನಗೂ ಅವತ್ತು ಆ ಹೋಳಿಗೆ ರುಚಿಸಲಿಲ್ಲ.

ಮರುದಿನ ಊರೆಲ್ಲ ಬನ್ನಿ ಗಿಡಕ್ಕೆ ಹೋಗಿ ಎಲೆ ತಂದಿತು. ಬನ್ನಿ ಎಂದರೆ ನಮ್ಮಲ್ಲಿ ಬಂಗಾರ. ಸಣ್ಣವರು ದೊಡ್ಡವರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ವರ್ಷವೆಲ್ಲ ಮುಖ ತಿರುಗಿಸಿದವರೂ ಅವತ್ತು ಒಬ್ಬರ ಕೈಗೊಬ್ಬರು ಎಲೆಯಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎನ್ನಬೇಕು. ಸಿದ್ದರಾಮೇಶ ಅವ್ವನಿಗೆ ಬನ್ನಿ ಕೊಟ್ಟು ಕಾಲಿಗೆರಗಿದ. ಹಿಂದಿನ ದಿನದ ಬೈಗುಳ ಅಲ್ಲಿಗೆ ಮುಗಿಯಿತು. ಅವ್ವ ತಾನೇ ಎದ್ದು, ಹೂವಿನ ಮಾಲೆ ಸರಿಸಿ, “ಇನ್ನ ಹಚ್ಚು” ಎಂದಳು.

ಹಸಿರು ದೀಪ ಬಂತು. ಟ್ಯಾಬಿನಲ್ಲಿ ಮೊದಲು ಏನೂ ಇಲ್ಲ. ಪೆಟ್ಟಿಗೆ ಎಚ್ಚರಾಗಿ, ತಪ್ಪಿಸಿಕೊಂಡ ಲೆಕ್ಕ ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ಒಂದೊಂದೇ ಸಾಲು ಬರತೊಡಗಿತು, ಯಾವ ಯಾವ ದೇಶದವೋ. ನನ್ನ ತಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನಾನು ಅವನ ಹಿಂದೆ ನಿಂತಿದ್ದೆ.

ಭೀಮಾ ಬಂತು. ಹೊರಗೆ ಹೋಗುವ ಬಾಣ. ಅವನು ಉಸಿರು ಬಿಟ್ಟ. “ಅದಾನ” ಎಂದ. ಅಷ್ಟೇ ಆಯಿತೆಂದು ನಾನು ಒಳಗೆ ತಿರುಗುವುದರಲ್ಲಿದ್ದೆ.

“ಅಕ್ಕಾ!”

ಅದರ ಕೆಳಗೆ ಇನ್ನೊಂದು ಸಾಲು. ಅಲ್ಲಿಯೂ ಭೀಮಾ. ಅದರ ಮುಂದಿನ ಬಾಣ ಒಳಗೆ ಬರುತ್ತಿತ್ತು.

ಟೀಚರಾದ ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅರ್ಫಾತ ನಮ್ಮ ವಿಳಾಸವನ್ನು ತನ್ನ ಪೆಟ್ಟಿಗೆಗೆ ಎಂದೂ ಬರೆದಿರಲಿಲ್ಲ. ಈಗ ಬರೆದಿದ್ದಾನೆ. ಹಳೆಯ ಮೆಸೇಜು ಎಲ್ಲಿದೆಯೋ ಹುಡುಕಿ, ಆ ಅರ್ಥವಿಲ್ಲದ ಅಕ್ಷರಗಳನ್ನೆಲ್ಲ ತುಂಬಿದ್ದಾನೆ. ನಮ್ಮ ದೀಪ ಆರಿದ್ದಷ್ಟು ಹೊತ್ತೂ ಅವನ ಪೆಟ್ಟಿಗೆ ಮಟಕಿಯ ಬಾಗಿಲು ಬಡಿಯುತ್ತಲೇ ಇತ್ತು.

“ಅಂವಾ ಬಂದಾನಬೇ” ಎಂದ ನನ್ನ ತಮ್ಮ, ಅವ್ವನ ಕಡೆ ತಿರುಗಿ.

ಅವ್ವ ಗಡಬಡಿಸಿ ಎದ್ದು, ತಂಬಿಗೆಯಲ್ಲಿ ಕಾಲಿಗೆ ನೀರು ತಂದು ಬಾಗಿಲಿಗೆ ಹೋಗಿ ಓಣಿಯ ಎರಡೂ ಕಡೆ ನೋಡಿದಳು. “ಎಲ್ಲಿ? ಎಲ್ಲದಾನ ಅರ್ಫಾತ?”

ಅವನು ಟ್ಯಾಬ್ ತೋರಿಸಿದ. ಅವ್ವ ತಂಬಿಗೆ ಹಿಡಿದುಕೊಂಡೇ ಆ ಎರಡು ಸಾಲುಗಳನ್ನು ನೋಡಿದಳು. ನಮ್ಮವ್ವನಿಗೆ ಓದು ಬಾರದು. “ಈ ಎರಡ ಹೊಟ್ಟಿ ಅಕ್ಷರದಿಂದ ಶುರು ಆಗ್ತದಲ್ಲ, ಅದೇ ಅವನ ಹೆಸರಬೇ. ಇದು ನಾ ಕರದದ್ದು. ಇದು ಅಂವಾ ಬಂದದ್ದು” ಎಂದು ಇಂಗ್ಲಿಷಿನ ಬಿ ಅಕ್ಷರದ ಮೇಲೆ ಬೆರಳಿಟ್ಟು ಹೇಳಿಕೊಟ್ಟ. ನಾನು ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮರುದಿನ ಬೆಳಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು, ಬನ್ನಿ ಎಲೆಗಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಅವ್ವ ಡಬ್ಬಿಗೆ ಶೇಂಗಾ ಹೋಳಿಗೆ ತುಂಬಿದಳು.

“ಫೋನ್ ಮಾಡಿದಿ?” ಎಂದೆ.

“ಇಲ್ಲ. ಅಂವಾ ಬಂದಾನ. ಈಗ ನಾ ಹೋಗಬೇಕು.” ಅವ್ವನನ್ನು ಟ್ಯಾಬಿನ ಮುಂದೆ ಮಣೆ ಹಾಕಿ ಕೂರಿಸಿದ. “ಈ ಎರಡ ಗೆರಿ ನೋಡ್ಕೋತ ಇರು. ಆರಿಸಬ್ಯಾಡ ಮತ್ತ.”

ಅವ್ವ ಸೊಪ್ಪು ಸೋಸುವುದನ್ನೂ ಅಲ್ಲಿಗೇ ತಂದುಕೊಂಡಳು. ಬೆಳಗಿನಿಂದ ಅತ್ತಿತ್ತ ಕದಲಲಿಲ್ಲ. ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೂಗಿದಳು. ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಟ್ಯಾಬಿನಲ್ಲಿ ಸಾಲುಗಳೆಲ್ಲ ಇದ್ದವು, ಎರಡು ಹೊಟ್ಟೆಯ ಅಕ್ಷರದ ಎರಡು ಸಾಲು ಮಾತ್ರ ಇರಲಿಲ್ಲ. ಒಳಗೆ ಬರುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ.

“ನಾ ಏನೂ ಮುಟ್ಟಿಲ್ಲಬೇ ಸುವರ್ಣಾ. ಗುರುವಿನಾಣಿ, ಮುಟ್ಟಿಲ್ಲ.” ಅವ್ವನ ದನಿ ಅಳುವಿಗೆ ಬಂದಿತ್ತು.

ಹೋದವನ ಮುಖ ನೋಡಿ ಅವನು ಬಾಗಿಲು ಹಾಕಿದನೇ? ಮತ್ತೆ ಬಿರುಸು ಮಾತಾಯಿತೇ? ತಮ್ಮನಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿದ.

“ಭೀಮಾ ಹೋಗ್ಯದಲ್ಲೋ! ಅವ್ವ ಇಲ್ಲಿ ಅಳಾಕತ್ತಾಳ. ಏನಾತು?”

ಆ ಕಡೆ ಇಬ್ಬರು ಒಟ್ಟಿಗೆ ನಗುವುದು ಕೇಳಿಸಿತು. ಆಮೇಲೆ ಬೇರೆಯೇ ದನಿ ಬಂತು. “ಅಕ್ಕಾ, ನಾ ಅರ್ಫಾತ ಮಾತಾಡಾಕತ್ತೇನ್ರಿ. ಅದನ್ನ ನಾನೇ ಆರಿಸೇನ್ರಿ. ಇಂವಾ ಎದುರಿಗೇ ಸ್ಟೂಲ ಎಳಕೊಂಡು ಕುಂತಾನ. ಇನ್ನ ಅದಕ್ಕೇನ್ ಕೆಲಸ? ನಿಮ್ಮವ್ವ ನಿಮ್ಮ ಪೆಟಗಿಗಿ ಒಂದಿನ ಸುಟ್ಟಿ ಕೊಟ್ಟಾಳಂತ, ಇದೂ ತಗೋಲಿ ಅಂದೆ.”

ಸಮಾಧಾನವಾದ ಕೂಡಲೇ ನನಗೆ ಸಿಟ್ಟು ಬಂತು. ನನ್ನ ಸ್ವಭಾವವೇ ಅದು. “ಮೊನ್ನಿ ಮಟಕಿ ಕಾಣಲಿಲ್ಲಂತ ಅಷ್ಟು ಅಂಜಿಕಿ ಆಗಿದ್ರ ಫೋನ್ ಮಾಡಬೇಕಿಲ್ಲೇನಪ್ಪಾ? ಆ ವಿಳಾಸ ಹುಡುಕಿ ಹಾಕೂದು ಯಾಕ?”

“ಮಟಕಿ ಅನ್ನೂ ಸಾಲ ಎಂದೂ ಹೋಗಿದ್ದಿಲ್ರಿ ಅಕ್ಕಾ. ಅಷ್ಟೊತ್ತು ಕಾಣಲಿಲ್ಲಂದ ಮ್ಯಾಲ ಕೈಕಾಲ ಆಡಲಿಲ್ಲ. ಫೋನ್ ಹಚ್ಚಿದ್ರ ಬ್ಯಾರೆ ಯಾರರ ಎತ್ತಿ, ಅಂವಾ ಇಲ್ಲ ಅಂದ್ರ? ಅದಕ್ಕ ಪೆಟಗೀನೇ ಕಳಸ್ದೆ.”

“ಮತ್ತ ಮನಿಗಿ ಒಮ್ಮಿನೂ ಬರಲಿಲ್ಲಲ್ಲ ನೀ, ಅದಕ್ಕೇನ್ ಹೇಳ್ತಿ?”

“ಇಂವಾ ಬಾ ಬಾ ಅಂತಿದ್ದ ಖರೆ. ಗೆಳ್ಯಾ ಕರದ್ರ ಚಹದಂಗಡಿಗಿ ಹೋಗಬಹುದ್ರಿ. ನಿಮ್ಮದು ಮಡಿ ಮನಿ. ಮನಿಗಿ ಬರಬೇಕಂದ್ರ ಮನಿ ಹಿರ್ಯಾರ ಕರೀಬೇಕಲ್ರಿ.”

ಫೋನ್ ಸ್ಪೀಕರಿನಲ್ಲಿತ್ತು. ಅವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. “ಯಪ್ಪಾ ಅರ್ಫಾತಾ, ನಾ ಇವನ ತಾಯಿ ಸಕ್ಕುಬಾಯಿ. ಇಷ್ಟ ವರ್ಷ ನಿನ್ನ ಡಬ್ಬಿ ತೊಳದು ತುಂಬಿ ಕಳಸೇನಿ, ಅದರಾಗ ಬಾ ಅನ್ನೂದೂ ಇತ್ತಪ್ಪಾ. ಕೇಳಸಿಲ್ಲಂದ್ರ ಈಗ ಬಾಯಿಲೆ ಹೇಳ್ತೇನಿ. ಬಾ. ಹೆಂಡ್ತಿನ್ನೂ, ನಿಮ್ಮವ್ವನ್ನೂ ಕರಕೊಂಡು ಬಾ.”

“ಬರ್ತೇನವ್ವಾ” ಎಂದ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಾಡದ ಕಡೆ ನೋಡಿದಳು. “ಸಿದ್ದರಾಮಾ, ಹಂಗಾರ ಇದನ್ನೂ ಆರಸ್ಲೇನು?”

ವರ್ಷಗಟ್ಟಲೆ ಆ ದೀಪ ಕಾದವನು ಆ ಕಡೆಯಿಂದ ಹೇಳಿದ: “ಆರಸಬೇ. ಇವತ್ತ ಆರಸು. ಲೆಕ್ಕಾ ಕಾಯಾಕ ಜಗತ್ತಿನಾಗ ಬ್ಯಾರೆಯವ್ರು ಅದಾರ.”

ಅವ್ವ ಎದ್ದು ಮಾಡದ ಹತ್ತಿರ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟಳು. ಇಟ್ಟ ಕೈ ಹಾಗೇ ತೆಗೆದಳು. ಪರಾತದಲ್ಲಿ ಉಳಿದಿದ್ದ ಬನ್ನಿಯಲ್ಲಿ ಒಂದು ಹಿಡಿ ಎಲೆ ಎತ್ತಿ, ಅದು ಅರ್ಫಾತನ ಪಾಲು ಎಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟಳು.

“ಬ್ಯಾಡ. ಆ ಹುಡುಗ ನಮ್ಮ ಮನಿಗಿ ಬರುತನಾ ಇದು ಹಿಂಗೇ ನಡೀಲಿ” ಎಂದು ಮತ್ತೆ ಮಣೆಯ ಮೇಲೆ ಕುಳಿತಳು.